ಒಂದೇ ಸಮ

ತುಮಕೂರಿನ ಸದಾಶಿವನಗರದಲ್ಲಿ ಸದಾಶಿವಯ್ಯ ಎಂಬ ಹೆಸರಿನವರು ಒಬ್ಬರಿದ್ದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಸದಾಶಿವಯ್ಯನವರು ಅದನ್ನೂ ಹೇಳಿಕೊಳ್ಳುವ ವಿಷಯ ಮಾಡಿಕೊಂಡಿದ್ದರು. ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದವರು, "ಏರಿಯಾಗೆ ನಿಮ್ ಹೆಸರೇ ಇಟ್ಟಿದಾರಾ ಸರ್?" ಎಂದು ಕೇಳಿದರೆ ಅವರು ಹೌದು ಎನ್ನುತ್ತಿರಲಿಲ್ಲ. ಇಲ್ಲ ಎಂದೂ ಅನ್ನುತ್ತಿರಲಿಲ್ಲ. ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ನಿಧಾನವಾಗಿ ಒರೆಸಿ, "ಅದೆಲ್ಲ ಯಾಕೆ ಈಗ" ಎನ್ನುತ್ತಿದ್ದರು. ಸುಳ್ಳು ಹೇಳಬಾರದು ಎಂಬುದು ಅವರ ವ್ರತ. ಕೇಳಿದ್ದಕ್ಕೆಲ್ಲ ನಿಜ ಹೇಳಬೇಕು ಎಂಬುದು ಆ ವ್ರತದಲ್ಲಿ ಸೇರಿರಲಿಲ್ಲ.

ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಫೈಲು ತಿರುವಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮೇಲೆ ಸದಾಶಿವಯ್ಯನವರಿಗೆ ಒಂದೇ ಆಸೆ ಉಳಿದಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ನಾಲ್ಕು ಜನರ ಎದುರು ತಲೆಯ ಮೇಲೆ ಮೈಸೂರು ಪೇಟ ಇಡಿಸಿಕೊಳ್ಳಬೇಕು. ನಿವೃತ್ತಿಯ ದಿನ ಆಫೀಸಿನವರು ಪೇಟದ ಬದಲು ಗೋಡೆ ಗಡಿಯಾರ ಕೊಟ್ಟಿದ್ದರು. ಅದೂ ಮೂರನೇ ದಿನಕ್ಕೆ ನಿಂತುಹೋಯಿತು.

ಈ ಆಸೆಯನ್ನು ನೆರವೇರಿಸುವ ಶಕ್ತಿ ಇದ್ದದ್ದು ಬಡಾವಣೆಯ ಗೆಳೆಯರ ಬಳಗಕ್ಕೆ. ನವೆಂಬರಿನ ಯಾವುದಾದರೂ ಒಂದು ಭಾನುವಾರ ಬಳಗದವರು ರಾಜ್ಯೋತ್ಸವ ಮಾಡಿ ರತ್ನಗಳನ್ನು ಹಂಚುತ್ತಿದ್ದರು. ಹೋದ ವರ್ಷ ನಲ್ಲಿ ನೀರು ಬಿಡುವವನಿಗೆ ಜಲ ರತ್ನ ಬಂದಿತ್ತು. ಬಳಗಕ್ಕೆ ಕೇರಂ ಬೋರ್ಡು ಕೊಡಿಸಿದ ಬೇಕರಿಯವನಿಗೆ ಕ್ರೀಡಾ ರತ್ನ. ಐದು ಸಾವಿರ ಚಂದಾ ಬರೆಸಿದವರು ಯಾವ ರತ್ನ ಎಂಬುದನ್ನು ಬಳಗದ ಕಾರ್ಯದರ್ಶಿ ಗುರುಪ್ರಕಾಶ್ ತೀರ್ಮಾನಿಸುತ್ತಿದ್ದ. ಅವನದೇ ಫ್ಲೆಕ್ಸ್ ಅಂಗಡಿ ಇತ್ತು. ಹಾಗಾಗಿ ತೀರ್ಮಾನ ಆಗುವುದಕ್ಕೂ ಅಚ್ಚಾಗುವುದಕ್ಕೂ ಬಹಳ ಹೊತ್ತು ಹಿಡಿಯುತ್ತಿರಲಿಲ್ಲ. ಈ ವರ್ಷ ಸದಾಶಿವಯ್ಯನವರು ಐದು ಸಾವಿರ ಬರೆಸಿದರು.

ಗುರುಪ್ರಕಾಶನ ಫೋನು ಬಂದದ್ದು ಒಂದು ಶನಿವಾರ ಸಂಜೆ. ಹೊತ್ತು ಸರಿಯಿರಲಿಲ್ಲ. ಸದಾಶಿವಯ್ಯನವರಿಗೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಮೂರೆಕರೆ ತೆಂಗಿನ ತೋಟವಿದೆ. ಪ್ರತಿ ಶನಿವಾರ ಅಲ್ಲಿಗೆ ಹೋಗಿ ಆಳುಗಳಿಗೆ ವಾರದ ಬಟವಾಡೆ ಮಾಡಿ ಬರುವುದು ಅವರ ಪಾಲಿನ ಕಷ್ಟ. ಜೇಬು ಹಗುರ ಮಾಡಿಕೊಂಡು ಆಗಷ್ಟೇ ಮನೆಗೆ ಬಂದು ಕಾಲು ಚಾಚಿದ್ದರು.

"ಸರ್, ನಿಮ್ ಬಗ್ಗೆ ಫ್ಲೆಕ್ಸಿಗೆ ಎರಡು ಸಾಲು ಬೇಕಿತ್ತು. ತೋಟದಲ್ಲಿ ಆಳುಕಾಳು ಎಲ್ಲಾ ಹೆಂಗೆ ಸರ್?"

"ಏನ್ ಹೇಳ್ಲಪ್ಪ. ಗಂಡಾಳು ಅಂತಿಲ್ಲ, ಹೆಣ್ಣಾಳು ಅಂತಿಲ್ಲ, ಇಪ್ಪತ್ತೆರಡು ವರ್ಷದಿಂದ ಒಂದೇ ಸಮ ಕೂಲಿ ಕೊಡ್ತಾ ಬಂದಿದೀನಿ."

ಗುರುಪ್ರಕಾಶ್ ಗದ್ಗದಿತನಾಗಿ, "ಇಷ್ಟು ವರ್ಷ ಯಾರಿಗೂ ಹೇಳೇ ಇಲ್ವಲ್ಲ ಸರ್ ನೀವು" ಎಂದ.

"ಹೇಳ್ಕೊಂಡು ಏನಾಗ್ಬೇಕು. ನಮ್ ಸಂಕಟ ನಮಗೆ."

"ದೊಡ್ಡ ಮನಸ್ಸು ಸರ್" ಎಂದು ಗುರುಪ್ರಕಾಶ್ ಫೋನ್ ಇಟ್ಟ.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಒಂದೇ ಸಮ ಎಂದರೆ ಬಿಟ್ಟೂ ಬಿಡದೆ ಎಂದರ್ಥ. ಒಂದೇ ಸಮ ಮಳೆ, ಒಂದೇ ಸಮ ಕೆಮ್ಮು, ಒಂದೇ ಸಮ ಮಾವನ ಮನೆಯವರ ಫೋನು. ಸದಾಶಿವಯ್ಯನವರು ಹೇಳಿದ್ದು ಕೆಮ್ಮಿನ ಜಾತಿಯ ಒಂದೇ ಸಮ. ಗುರುಪ್ರಕಾಶ್ ಕೇಳಿಸಿಕೊಂಡದ್ದು ತಕ್ಕಡಿಯ ಜಾತಿಯದು. ತಪ್ಪು ಯಾರದೆಂದು ಹೇಳುವುದು ಕಷ್ಟ. ಕನ್ನಡ ಭಾಷೆಯದೇ ಇರಬಹುದು.

ಎರಡು ದಿನದಲ್ಲಿ ಬಡಾವಣೆಯ ಮುಖ್ಯ ರಸ್ತೆಯಲ್ಲಿ ಆರಡಿಯ ಫ್ಲೆಕ್ಸ್ ಎದ್ದು ನಿಂತಿತು. ಅದರಲ್ಲಿ ಸದಾಶಿವಯ್ಯನವರಿಗೆ ಹತ್ತು ವರ್ಷ ಕಡಿಮೆಯಾಗಿತ್ತು. ಮೀಸೆ ಕಪ್ಪಗಿತ್ತು. ಕೆಳಗೆ ಹೀಗಿತ್ತು: "ಗಂಡಾಳು ಹೆಣ್ಣಾಳೆಂಬ ಭೇದವೆಣಿಸದೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಸಮ ಕೂಲಿ ನೀಡುತ್ತಿರುವ ಸಮಾನತಾ ರತ್ನ ಶ್ರೀ ಸದಾಶಿವಯ್ಯನವರಿಗೆ ಅಭಿನಂದನೆಗಳು."

ಅವರ ಜೊತೆ ತರಕಾರಿ ತರಲು ಹೊರಟಿದ್ದ ಹೆಂಡತಿ ಬಸವಲಿಂಗಮ್ಮನವರು ಫ್ಲೆಕ್ಸಿನ ಮುಂದೆ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಯಾರ್ರೀ ಇದು?"

"ನಾನೇ ಕಣೇ."

"ಮುಖ ನಿಮ್ದೇ. ಕೆಳಗೆ ಬರ್ದಿರೋದು ಯಾರ ವಿಷ್ಯ ಅಂತ ಕೇಳ್ದೆ."

ಬಸವಲಿಂಗಮ್ಮನವರಿಗೆ ತೋಟದ ವಿಷಯ ಗೊತ್ತಿಲ್ಲದ್ದೇನಲ್ಲ. ಕಾಯಿ ಕೀಳಿಸುವ ವಾರ ಬಂತೆಂದರೆ ಸೋಮವಾರವೇ ನಿಟ್ಟೂರಿನ ಬಸ್ಸು ಹತ್ತಿ, ತೋಟದ ಮನೆಯಲ್ಲಿದ್ದುಕೊಂಡು ಆಳುಗಳಿಗೆಲ್ಲ ಮುದ್ದೆ ಬೇಯಿಸುವವರು ಅವರು. ಕಾಯಿ ಎಣಿಸುವವರು ಅವರು. ಕೊಬ್ಬರಿ ಅಟ್ಟದ ಬೀಗದಕೈ ಅವರ ಸೆರಗಿನಲ್ಲಿ. ತೋಟದ ಯಜಮಾನಿಕೆಯೊಂದು ಮಾತ್ರ ಸದಾಶಿವಯ್ಯನವರದು. ಗಂಡಾಳಿಗೆ ದಿನಕ್ಕೆ ಏಳುನೂರು, ಹೆಣ್ಣಾಳಿಗೆ ನಾನೂರು ಎಂಬುದು ಆ ಯಜಮಾನಿಕೆಯ ಕೆಳಗೇ ಬರುತ್ತಿತ್ತು.

ತಪ್ಪನ್ನು ತಿದ್ದಿಸಲೇಬೇಕೆಂದು ಸದಾಶಿವಯ್ಯನವರು ಗುರುಪ್ರಕಾಶನ ಅಂಗಡಿಗೆ ಹೋದದ್ದು ನಿಜ. ಯಾರೂ ಅವರನ್ನು ಅಪ್ರಾಮಾಣಿಕ ಎನ್ನಬಾರದು.

"ಗುರುಪ್ರಕಾಶ್, ಆ ಫ್ಲೆಕ್ಸಲ್ಲಿ ಒಂದು ತಪ್ಪಾಗಿದೆ."

"ಮೀಸೆ ಜಾಸ್ತಿ ಕಪ್ಪಾಯ್ತಾ ಸರ್? ಈಗ್ಲೇ ಬಿಳಿ ಮಾಡ್ಬಿಡ್ತೀನಿ."

ಸದಾಶಿವಯ್ಯನವರು ಒಂದು ಗಳಿಗೆ ಯೋಚಿಸಿದರು. ಕನ್ನಡಕ ತೆಗೆದು ಒರೆಸಿದರು. "ಮೀಸೆ ಇರ್ಲಿ ಬಿಡು" ಎಂದು ಹೇಳಿ ಮನೆಗೆ ಬಂದರು.

ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಕಾರ್ಮಿಕ ಇಲಾಖೆಯ ಅಧಿಕಾರಿ ರೂಪಶ್ರೀ. ಮೂವತ್ತೈದರ ಆಸುಪಾಸಿನ ಹೆಂಗಸು, ಕೈಯಲ್ಲೊಂದು ಡೈರಿ. ಸದಾಶಿವಯ್ಯನವರ ತಲೆಗೆ ಪೇಟ ಬಂತು, ಕೊರಳಿಗೆ ಏಲಕ್ಕಿ ಹಾರ ಬಂತು, ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅವರ ಅಂತಃಕರಣ ಚುರುಕ್ಕೆಂದಿತು. "ನಿಜ ಹೇಳ್ಬೇಕು ಅಂದ್ರೆ ನಾನೇನೂ ಮಾಡಿಲ್ಲ" ಎಂದುಬಿಟ್ಟರು. ಆ ದಿನ ವೇದಿಕೆಯ ಮೇಲೆ ಎಲ್ಲರೂ ಆಡಿದ ಮಾತುಗಳಲ್ಲಿ ಇದೊಂದೇ ಅಪ್ಪಟ ನಿಜ. ಸಭೆ ಅದನ್ನು ವಿನಯವೆಂದು ತಿಳಿದು ಒಂದು ನಿಮಿಷ ಚಪ್ಪಾಳೆ ತಟ್ಟಿತು.

ರೂಪಶ್ರೀಯವರು ಎದ್ದು ನಿಂತು, "ನಾನು ಜಿಲ್ಲೆಯಲ್ಲಿ ಎಷ್ಟೋ ತೋಟ ನೋಡಿದೀನಿ. ಇಂಥ ಒಂದು ತೋಟ ಸಿಕ್ಕಿರಲಿಲ್ಲ. ಗುರುವಾರ ನಿಟ್ಟೂರಿಗೆ ನಾನೇ ಬರ್ತೀನಿ. ಆ ಹೆಣ್ಣುಮಕ್ಕಳ ಜೊತೆ ಮಾತಾಡ್ಬೇಕು" ಎಂದರು.

ಪೇಟ ಸ್ವಲ್ಪ ದೊಡ್ಡದಿತ್ತು. ಆ ಕ್ಷಣಕ್ಕೆ ಸರಿಯಾಗಿ ಜಾರಿ ಕಣ್ಣು ಮುಚ್ಚಿತು.

ಕಾಯಿ ಕೀಳಿಸುವ ವಾರವೂ ಅದೇ ಆಗಿದ್ದರಿಂದ ಬಸವಲಿಂಗಮ್ಮನವರು ಸೋಮವಾರವೇ ತೋಟ ಸೇರಿದರು. ಸದಾಶಿವಯ್ಯನವರು ಬುಧವಾರ ಓಡಿಬಂದರು. ತೋಟದಲ್ಲಿದ್ದದ್ದು ಗಂಡಾಳು ಒಬ್ಬ, ಹೆಣ್ಣಾಳು ನಾಲ್ವರು. ಗಂಡಾಳು ತಿಮ್ಮರಾಜು ಉದ್ದನೆಯ ದೋಟಿ ಹಿಡಿದು ಮರದಿಂದ ಕಾಯಿ ಕೀಳುವವನು. ಹೆಂಗಸರು ಆ ಕಾಯಿ ಆಯ್ದು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಅಟ್ಟಕ್ಕೆ ಸಾಗಿಸುವವರು. ಅವರ ಮುಂದಾಳು ತಿಮ್ಮರಾಜುವಿನ ಅಕ್ಕ ನರಸಮ್ಮ. ಸೀರೆಯ ಮೇಲೆ ಅವರೆಲ್ಲ ಗಂಡಸರ ತುಂಬುತೋಳಿನ ಶರಟು ತೊಡುತ್ತಿದ್ದರು, ಕಾಯಿ ಸಿಪ್ಪೆಯ ಸುಂಕು ಮೈಗೆ ಚುಚ್ಚದಿರಲಿ ಎಂದು. ಶರಟುಗಳೆಲ್ಲ ಸದಾಶಿವಯ್ಯನವರ ಹಳೆಯ ಆಫೀಸು ಶರಟುಗಳು. ಬಸವಲಿಂಗಮ್ಮ ವರ್ಷ ವರ್ಷ ತಂದು ಹಂಚಿದ್ದು. ತಿಮ್ಮರಾಜು ತೊಟ್ಟಿದ್ದೂ ಅದರಲ್ಲೊಂದು.

ಸದಾಶಿವಯ್ಯನವರು ಎಲ್ಲರನ್ನೂ ಹಲಸಿನ ಮರದ ಕೆಳಗೆ ಸೇರಿಸಿದರು. "ನೋಡ್ರಪ್ಪ, ನಾಳೆ ಒಬ್ರು ಮೇಡಂ ಬರ್ತಾರೆ. ದಿನಕ್ಕೆ ಕೂಲಿ ಎಷ್ಟು ಅಂತ ಕೇಳ್ತಾರೆ. ಎಲ್ರೂ ಏಳ್ನೂರು ಅನ್ಬೇಕು. ಅಷ್ಟೇ."

"ನಂಗೆ ಕೊಡೋದೇ ಏಳ್ನೂರಲ್ವಾ ಯಜಮಾನ್ರೆ. ಅದ್ರಾಗೆ ನಾನ್ ಹೊಸದಾಗಿ ಹೇಳೋದೇನೈತೆ?" ಎಂದ ತಿಮ್ಮರಾಜು.

"ನೀನು ನಿಜಾನೇ ಹೇಳು. ಹೆಂಗಸರು ಸ್ವಲ್ಪ ಹೆಚ್ಚು ಮಾಡಿ ಹೇಳ್ಲಿ. ಸುಮ್ನೆ ಬೇಡ, ನಿಮ್ ಖರ್ಚಿಗೆ ಅಂತ ಕೊಡ್ತೀನಿ. ತಿಮ್ಮರಾಜುಗೆ ಇನ್ನೂರು. ಹೆಂಗಸ್ರಿಗೆ ನೂರು ನೂರು."

ನರಸಮ್ಮ ಮಂಕರಿ ಕೂರಿಸಲು ತಲೆಯ ಮೇಲೆ ಸುತ್ತಿಟ್ಟಿದ್ದ ಬಟ್ಟೆಯ ಸಿಂಬಿಯನ್ನು ತೆಗೆದು, ಬಿಚ್ಚಿ, ಮತ್ತೆ ಸುತ್ತತೊಡಗಿದಳು.

"ಯಜಮಾನ್ರೆ, ನಿಜ ಹೇಳೋನ್ಗೆ ಇನ್ನೂರು, ಸುಳ್ಳು ಹೇಳೋರ್ಗೆ ನೂರಾ?"

"ಗಂಡಾಳಿಗೆ ಯಾವತ್ತೂ ಒಂಚೂರು ಜಾಸ್ತಿ ಅಲ್ವೇನೇ" ಎಂದರು ಸದಾಶಿವಯ್ಯ. ಬಾಯಿಯಿಂದ ಬಿದ್ದ ಮೇಲೆ ಅವರಿಗೇ ಏನೋ ಸರಿ ಕಾಣಲಿಲ್ಲ. ಆದರೆ ಏನೆಂದು ತಿಳಿಯಲಿಲ್ಲ.

"ಸುಳ್ಳು ಹೇಳೋದು ಹಗುರ ಕೆಲ್ಸ ಅಂತ್ಲಾ?" ಎಂದಳು ನರಸಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಈ ತ್ವಾಟಕ್ಕೆ ಕಾಲಿಟ್ಟಾಗ ನಂಗೆ ಮೂವತ್ತು ರುಪಾಯಿ. ಒಂದ್ ವರ್ಷ ಆದ್ಮೇಕೆ ಇವ್ನ ಕರ್ಕಂಡ್ ಬಂದಿದ್ದು ನಾನೇ. ಬಲಿತ ಕಾಯಿ ಯಾವ್ದು, ಎಳೇದ್ಯಾವ್ದು ಅಂತ ತೋರ್ಸಿದ್ದೂ ನಾನೇ. ಮೊದಲ್ನೇ ದಿನಾನೇ ಇವ್ನ ಕೈಗೆ ಅರವತ್ತು ಕೊಟ್ರಿ. ಅವತ್ತೇ ಕೇಳಾಣ ಅನ್ಕಂಡೆ. ತಮ್ಮನ ಅನ್ನ ಅಲ್ವಾ ಅಂತ ಸುಮ್ಕಾದೆ."

ತಿಮ್ಮರಾಜು ದೋಟಿಯ ತುದಿಯಿಂದ ನೆಲ ಕೆರೆಯುತ್ತ ನಿಂತ.

"ಈಗ ನನ್ ಮೊಮ್ಮಗಳು ಮಾನಸ ಗುಬ್ಬಿ ಕಾಲೇಜಿಗೆ ಓಯ್ತಾವ್ಳೆ. ಬರೋ ವರ್ಷ ನರ್ಸಿಂಗ್ ಸೇರ್ತೀನಿ ಅಂತಾಳೆ. ನಾನೂರ್ರಾಗೆ ಆಗಕಿಲ್ಲ ಯಜಮಾನ್ರೆ. ಏಳ್ನೂರಾದ್ರೆ ಆಯ್ತದೆ. ಅದ್ಕೇ ಕೇಳ್ತಾ ಇವ್ನಿ."

"ಆಮೇಲೆ ನೋಡಣ ನರಸಮ್ಮ."

"ಆಮೇಲೆ ಅನ್ನೋದ್ನೂ ಒಂದೇ ಸಮ ಯೋಳ್ತಾ ಬಂದಿದೀರ. ಬುಡಿ, ನಾಳೆ ಮೇಡಂ ಬರ್ಲಿ."

ಇದನ್ನು ಒಪ್ಪಿಗೆಯೆಂದು ಸದಾಶಿವಯ್ಯನವರು ಹೇಗೆ ತಿಳಿದರೋ ಗೊತ್ತಿಲ್ಲ. ಆ ರಾತ್ರಿ ಅವರು ಗೊರಕೆ ಹೊಡೆದದ್ದಂತೂ ನಿಜ.

ಗುರುವಾರ ಹನ್ನೊಂದು ಗಂಟೆಗೆ ರೂಪಶ್ರೀಯವರ ಜೀಪು ಬಂತು. ಹಿಂದೆಯೇ ಗುರುಪ್ರಕಾಶನ ಕಾರು, ಕ್ಯಾಮರಾ ಸಮೇತ. ಮೇಡಂ ಎಳನೀರು ಕುಡಿದು, ಯಾವುದೋ ಫೋನು ಬಂತೆಂದು ಬಾವಿಯ ಕಡೆ ನಡೆದರು. ಅಷ್ಟರಲ್ಲಿ ಗುರುಪ್ರಕಾಶನಿಗೆ ಒಂದು ಯೋಚನೆ ಹೊಳೆಯಿತು.

"ಸರ್, ನೀವೂ ಆಳುಗಳ ಜೊತೆ ಒಂದು ಮಂಕರಿ ಹೊತ್ಕೊಂಡಿರೋ ಥರ ಫೋಟೋ. ಮುಂದಿನ ವರ್ಷ ಕಾಯಕ ರತ್ನ ಗ್ಯಾರಂಟಿ."

"ಖಾಲಿ ಮಂಕರಿ ತಾನೆ?"

"ಖಾಲಿ ಆದ್ರೆ ಫೋಟೋದಲ್ಲಿ ಮುಖ ನೋಡಿದ್ರೇ ಗೊತ್ತಾಗ್ಬಿಡತ್ತೆ ಸರ್."

ಎರಡನೇ ರತ್ನದ ಆಸೆ ಮೊದಲನೆಯದಕ್ಕಿಂತ ದೊಡ್ಡದು. ಸದಾಶಿವಯ್ಯನವರು ಪಂಚೆ ಎತ್ತಿಕಟ್ಟಿದರು. ನರಸಮ್ಮ ಅವರ ತಲೆಯ ಮೇಲೆ ತನ್ನ ಸಿಂಬಿ ಇಟ್ಟಳು. "ನಾವು ಮೂವತ್ತು ಕಾಯಿ ಹೊರ್ತೀವಿ. ಯಜಮಾನ್ರಿಗೆ ಇಪ್ಪತ್ತೈದು ಸಾಕು" ಎಂದು ತುಂಬಿ, ಇನ್ನೊಬ್ಬಳ ಕೈ ಸೇರಿಸಿ ಎತ್ತಿ ಇಟ್ಟಳು. ಭಾನುವಾರ ಪೇಟ ಕೂತಿದ್ದ ಜಾಗದಲ್ಲಿ ಗುರುವಾರ ಮಂಕರಿ ಕೂತಿತು. ಸದಾಶಿವಯ್ಯನವರ ಕುತ್ತಿಗೆ ಎರಡು ಇಂಚು ಒಳಗೆ ಹೋಯಿತು.

ಮಂಕರಿಯ ಧರ್ಮ ಅದನ್ನು ಹೊತ್ತವರಿಗೇ ಗೊತ್ತು. ಹೊರಿಸಲು ಇಬ್ಬರು ಬೇಕು. ಇಳಿಸಲೂ ಒಬ್ಬರಾದರೂ ಕೈ ಕೊಡಬೇಕು. ತಾನಾಗಿ ಇಳಿಸಲು ಹೋದರೆ ಕಾಯಿ ಕಾಲ ಮೇಲೆ, ಇಲ್ಲವೇ ಮನುಷ್ಯನೇ ಕಾಯಿಯ ಮೇಲೆ. ಗುರುಪ್ರಕಾಶ್ ನಾಲ್ಕು ಫೋಟೋ ಹೊಡೆದ. "ಸಾಕು, ಇಳಿಸೇ ನರಸಮ್ಮ" ಎಂದು ಸದಾಶಿವಯ್ಯನವರು ಹೇಳುವ ಹೊತ್ತಿಗೆ ಸರಿಯಾಗಿ ರೂಪಶ್ರೀಯವರು ಡೈರಿ ತೆರೆದುಕೊಂಡು ಬಂದು ನಿಂತರು.

"ನರಸಮ್ಮ ಅಂದ್ರೆ ನೀವೇನಾ? ದಿನಕ್ಕೆ ಎಷ್ಟು ಕೊಡ್ತಾರಮ್ಮ ನಿಮಗೆ?"

"ಕೊಡೋರು ಅವ್ರು. ಅವ್ರನ್ನೇ ಕೇಳಿ ಮೇಡಂ" ಎಂದಳು ನರಸಮ್ಮ.

"ಹೇಳಿ ಸರ್."

"ಮೊದ್ಲು ಇದನ್ನ ಇಳಿಸೇ."

"ಮೇಡಂ ಕೇಳ್ತಾವ್ರೆ ಯಜಮಾನ್ರೆ. ಯೋಳ್ಬುಡಿ, ಇಳಿಸ್ತೀನಿ."

"ಗಂಡಾಳಿಗೆ ಏಳ್ನೂರು ಮೇಡಂ."

"ಹೆಣ್ಣಾಳಿಗೆ?"

ಜೀವಮಾನದಲ್ಲಿ ಇಂಥ ಎಷ್ಟೋ ಪ್ರಶ್ನೆಗಳನ್ನು ಸದಾಶಿವಯ್ಯನವರು ಕನ್ನಡಕ ಒರೆಸುತ್ತ ದಾಟಿದ್ದರು. ಈಗಲೂ ಕೈ ತಾನಾಗಿ ಕನ್ನಡಕದ ಕಡೆ ಹೊರಟಿತು. ಮಂಕರಿ ವಾಲಿತು. ಕೈ ಓಡಿ ವಾಪಸ್ಸು ಬಂತು. ಎರಡು ಕೈಯೂ ಮಂಕರಿಗೆ ಬೇಕು. ಕನ್ನಡಕ ಒರೆಸದೆ ಹೌದೂ ಅಲ್ಲದ ಇಲ್ಲವೂ ಅಲ್ಲದ ಉತ್ತರ ಅವರಿಗೆ ಬರುತ್ತಿರಲಿಲ್ಲ.

"ನಾನೂರು" ಎಂದರು.

ರೂಪಶ್ರೀಯವರ ಪೆನ್ನು ನಿಂತಿತು. "ಫ್ಲೆಕ್ಸಲ್ಲಿ ಒಂದೇ ಸಮ ಅಂತಿತ್ತಲ್ಲ?"

"ಅದು ಕೆಮ್ಮಿನ ಥರದ್ದು ಮೇಡಂ" ಎಂದರು ಸದಾಶಿವಯ್ಯ. ಮೇಡಂಗೆ ಅರ್ಥವಾಗಲಿಲ್ಲ.

"ಇರ್ಲಿ. ಹೆಣ್ಣಾಳಿಗೆ ಮುನ್ನೂರು ಕಡಿಮೆ ಯಾಕೆ?"

"ಹೆಂಗಸ್ರದು... ಹಗುರ ಕೆಲ್ಸ ಮೇಡಂ" ಎಂದು ಸದಾಶಿವಯ್ಯನವರು ಏದುಸಿರು ಬಿಟ್ಟರು. ಬೆವರು ಮೂಗಿನ ತುದಿಯಿಂದ ಒಂದೇ ಸಮ ತೊಟ್ಟಿಕ್ಕುತ್ತಿತ್ತು.

ಯಾರೂ ನಗಲಿಲ್ಲ. ತಿಮ್ಮರಾಜು ಒಬ್ಬ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಮರದ ಆಚೆಗೆ ಹೋದ.

"ಹಗುರ ಆದ್ರೆ ಅಟ್ಟದ ತನಕ ನಡೀರಿ ಸರ್. ನಾನೂ ನೋಡ್ತೀನಿ" ಎಂದರು ರೂಪಶ್ರೀ.

ಸದಾಶಿವಯ್ಯನವರು ನಡೆದರು. ನಡೆಯದೆ ಬೇರೆ ದಾರಿ ಇರಲಿಲ್ಲ. ನರಸಮ್ಮ ಪಕ್ಕದಲ್ಲೇ ಕೈ ಕಟ್ಟಿಕೊಂಡು ಬಂದಳು. ಗುರುಪ್ರಕಾಶ್ ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ವಿಡಿಯೋ ಮಾಡುತ್ತಿದ್ದ. "ಸರ್, ಸ್ವಲ್ಪ ನಗ್ತಾ ಬನ್ನಿ" ಎಂದ. ಹನ್ನೆರಡನೇ ಹೆಜ್ಜೆಗೆ ಸದಾಶಿವಯ್ಯನವರ ಯಜಮಾನಿಕೆ ಮುಗಿಯಿತು.

"ಏಳ್ನೂರು. ಎಲ್ರಿಗೂ ಏಳ್ನೂರು. ಇಳಿಸ್ರವ್ವ."

"ಯಾವತ್ತಿಂದ ಯಜಮಾನ್ರೆ?"

"ಈ ವಾರದಿಂದ್ಲೇ. ಶಿವನಾಣೆ."

ನರಸಮ್ಮ ಕೈ ಕೊಟ್ಟಳು. ಮಂಕರಿ ಇಳಿಯಿತು. ತಲೆ ಮಾತ್ರ ಮೇಲೆ ಬರಲಿಲ್ಲ. ಗಲ್ಲ ಎದೆಗೆ ಅಂಟಿಕೊಂಡು ಅಲ್ಲೇ ನಿಂತಿತು.

"ಸಮಾನ ಕೂಲಿಗೆ ಕಾನೂನು ಬಂದಿದ್ದು ನಾನು ಹುಟ್ಟೋಕ್ಕಿಂತ ಮುಂಚೆ ಸರ್" ಎಂದರು ರೂಪಶ್ರೀ. "ಶನಿವಾರ ಬಟವಾಡೆ ಆದ್ಮೇಲೆ ಎಲ್ಲರ ಸಹಿ ಇರೋ ಹಾಳೆ ನನ್ ಟೇಬಲ್ ಮೇಲೆ ಇರ್ಬೇಕು." ಸದಾಶಿವಯ್ಯನವರು ನೆಲ ನೋಡುತ್ತ, "ಆಗ್ಲಿ ಮೇಡಂ" ಎಂದರು. ಮನುಷ್ಯನಿಗೆ ಪಶ್ಚಾತ್ತಾಪವಾಗಿದೆ ಎಂದು ತಿಳಿದು ಮೇಡಂ ಸ್ವಲ್ಪ ಮೆತ್ತಗಾದರು.

ಗುರುಪ್ರಕಾಶ್ ಸದಾಶಿವಯ್ಯನವರನ್ನು ಕಾರಿನಲ್ಲಿ ಕೂರಿಸಿ ತುಮಕೂರಿಗೆ ಕರೆತಂದ. ಡಾಕ್ಟರು ಮಾತ್ರೆ ಕೊಟ್ಟು, ಬಿಸಿನೀರಿನ ಶಾಖ ಹೇಳಿ, ತಾನಾಗಿ ಬಿಡುವ ತನಕ ಎಳೆಯಬೇಡಿ ಎಂದರು. ಶುಕ್ರವಾರ ಸದಾಶಿವಯ್ಯನವರು ಹಾಲು ತರಲು ತಲೆ ತಗ್ಗಿಸಿಕೊಂಡು ಹೋಗಿ ತಲೆ ತಗ್ಗಿಸಿಕೊಂಡು ಬಂದರು. "ರತ್ನ ಬಂದ ಮೇಲೆ ಎಷ್ಟು ವಿನಯ ಬಂದಿದೆ ನೋಡಿ, ತಲೆ ಎತ್ತಿ ಮಾತೇ ಆಡಲ್ಲ" ಎಂದು ಬಡಾವಣೆಯೆಲ್ಲ ಹೊಗಳಿತು. ಎದುರು ಮನೆಯವರು ಚಪಾತಿ ಕಳಿಸಿದರು.

ಗುರುಪ್ರಕಾಶ್ ವಿಡಿಯೋವನ್ನು ಆಗಲೇ ವಾಟ್ಸಾಪಿಗೆ ಬಿಟ್ಟಿದ್ದ. ಕುಣಿಗಲ್ ಕಡೆಯ ಹುತ್ರಿದುರ್ಗದಿಂದ ಬಸವಲಿಂಗಮ್ಮನ ಅಣ್ಣ ಚನ್ನಬಸವಯ್ಯನ ಫೋನು ಬಂತು. "ಭಾವ, ನಿಮ್ ವಿಡಿಯೋ ಇಲ್ಲಿಗಂಟ ಬಂದದೆ. ರಾಗಿ ಕುಯ್ಯೋಕೆ ಬಂದಿದ್ದ ಹೆಂಗಸ್ರು ಕುಡುಗೋಲು ಕೆಳಗಿಟ್ಟು ನಿಮ್ಮನ್ನೇ ನೋಡ್ತಾ ಕೂತವ್ರೆ. ಮಂಕರಿ ಇಳಿಸೋ ಜಾಗಾನ ಮೂರು ಸಲ ಹಾಕಿ ನೋಡುದ್ರು. ಈಗ ನನ್ ಕಡೆ ತಿರುಗವ್ರೆ. ನಾನ್ ಏನ್ ಮಾಡ್ಲಿ?"

ಶನಿವಾರ ಸಂಜೆ ಗುರುಪ್ರಕಾಶನ ಕಾರಿನಲ್ಲೇ ಬಟವಾಡೆಗೆ ಹೋದರು. ತೋಟದ ಮನೆಯ ಜಗಲಿಯಲ್ಲಿ ಪಕ್ಕದ ತೋಟದ ರುದ್ರಯ್ಯ ಆಗಲೇ ಬಂದು ಕೂತಿದ್ದ.

"ಏನ್ ಸದಾಶಿವಣ್ಣ, ಇಡೀ ನಿಟ್ಟೂರಿನ ರೇಟ್ ಕೆಡಿಸ್ಬುಟ್ಯಲ್ಲ. ತಲೆ ಎತ್ತು ನೋಡಾಣ."

"ಎತ್ತಕ್ಕಾಗಲ್ಲ ಕಣೋ."

"ಎಂಗಾದಾತು, ಮಾಡಿರೋ ಕೆಲ್ಸ ಅಂಥದ್ದು" ಎಂದ ರುದ್ರಯ್ಯ. ಆಮೇಲೆ ದನಿ ತಗ್ಗಿಸಿ, "ನೋಡು, ಈಗ್ಲೂ ಕೆಟ್ಟಿಲ್ಲ. ಹಾಳೇಲಿ ಏಳ್ನೂರರ ಲೆಕ್ಕ ಬರ್ಸು. ಕೈಗೆ ನಾನೂರರ ಲೆಕ್ಕ ಕೊಡು. ಪಾಪ ಅವು ಹೆಬ್ಬೆಟ್ಟು ಒತ್ತೋವು, ಯಾರಿಗ್ ಗೊತ್ತಾಯ್ತದೆ?" ಎಂದ.

ಇಲ್ಲಿ ಮುಚ್ಚುಮರೆ ಬೇಡ. ಸದಾಶಿವಯ್ಯನವರ ಮನಸ್ಸು ಆಡಿತು. ಮಂಕರಿ ಇಳಿದು ಎರಡು ದಿನವಾಗಿತ್ತು. ಶಿವನಾಣೆ ಹಾಕಿದ್ದು ತೂಕಕ್ಕೆ ಹೆದರಿ, ಶಿವನಿಗೂ ಅದು ಗೊತ್ತಿರುತ್ತದೆ ಎಂದು ಅವರಿಗೆ ಅನ್ನಿಸಿತು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನೋಟಿನ ಕಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಬನ್ರಪ್ಪ ಒಬ್ಬೊಬ್ರೇ. ತಿಮ್ಮರಾಜು ಮೊದ್ಲು ಬರ್ಲಿ" ಎಂದರು.

ಬಗ್ಗಿದ ಕುತ್ತಿಗೆಗೆ ಕಾಣುತ್ತಿದ್ದದ್ದು ತೊಡೆ, ನೋಟು, ಮುಂದೆ ಚಾಚಿದ ಕೈ, ಇಷ್ಟೇ. ಮೊದಲ ಕೈ ಬಂತು. ತಮ್ಮದೇ ನೀಲಿ ಗೆರೆಯ ಶರಟಿನ ತೋಳು. ಅಂಗೈಯಲ್ಲಿ ಗಟ್ಟಿಯಾದ ಜಡ್ಡು, ಬೆರಳ ಸಂದಿಯಲ್ಲಿ ತೆಂಗಿನ ನಾರು, ಹೆಬ್ಬೆರಳ ಬುಡದಲ್ಲಿ ಸೀಳಿದ ಗಾಯ. ಆರು ದಿನದ ಗಂಡಾಳಿನ ಕೂಲಿ ನಾಲ್ಕು ಸಾವಿರದ ಇನ್ನೂರು. ಎಂಟು ಐನೂರು, ಎರಡು ನೂರು ಎಣಿಸಿ ಇಟ್ಟರು.

ಅವರಿಗೆ ಆ ಗಾಯ ನೋಡಿ ಕೊಂಚ ಮರುಕವೂ ಆಯಿತು. "ದೋಟಿ ಹಿಡಿದೂ ಹಿಡಿದೂ ಕೈ ಸೀಳೋಗಿದೆಯಲ್ಲೋ" ಎಂದರು.

"ದೋಟಿ ಅಲ್ಲ ಯಜಮಾನ್ರೆ, ಮಂಕರಿ ಅಂಚು" ಎಂದಿತು ನರಸಮ್ಮನ ದನಿ.

ರುದ್ರಯ್ಯ ಹಣೆ ಚಚ್ಚಿಕೊಂಡ. ಸದಾಶಿವಯ್ಯನವರು ಗಾಬರಿಯಾಗಿ ಮುಂದಿನ ಕೈ ನೋಡಿದರು. ಅದೂ ತಮ್ಮದೇ ಶರಟು. ಅದೇ ಜಡ್ಡು, ಅದೇ ನಾರು. ಈ ಸಲ ಮೋಸಹೋಗಬಾರದೆಂದು ಎರಡು ಸಾವಿರದ ನಾನೂರು ಎಣಿಸಿ ಇಟ್ಟರು.

"ಯಜಮಾನ್ರೆ, ನಾನು ತಿಮ್ಮರಾಜು" ಎಂದಿತು ಆ ಕೈ. "ನಂಗೆ ನಾನೂರರ ಲೆಕ್ಕ ಹಾಕ್ಬುಟ್ಟಿದೀರ."

"ಎಂಗೈತ್ಲಾ ನಾನೂರು?" ಎಂದಳು ನರಸಮ್ಮ ತಮ್ಮನಿಗೆ.

ತಿಮ್ಮರಾಜು ತುಸು ಹೊತ್ತು ನೋಟುಗಳನ್ನೇ ನೋಡಿದ. "ಕಮ್ಮಿ ಆಯ್ತದೆ ಕಣಕ್ಕ" ಎಂದ.

ಸದಾಶಿವಯ್ಯನವರು ಮುಂದೆ ಚಾಚಿದ್ದ ಕೈಗಳನ್ನೆಲ್ಲ ಒಂದು ಸಲ ನೋಡಿದರು. ಇಪ್ಪತ್ತೆರಡು ವರ್ಷ ಬಟವಾಡೆ ಮಾಡಿದ್ದರು, ಎಲ್ಲವೂ ಮುಖ ನೋಡಿಕೊಂಡು. ಕೈ ನೋಡಿದ್ದು ಇದೇ ಮೊದಲು. ನೋಡಿ ಅವರಿಗೆ ನಾಚಿಕೆಯಾಯಿತು.

"ರುದ್ರಯ್ಯ, ನಂಗೆ ಗೊತ್ತಾಗ್ತಿಲ್ಲ ಕಣೋ" ಎಂದರು. "ಯಾವುದು ಗಂಡಾಳು ಕೈ, ಯಾವುದು ಹೆಣ್ಣಾಳು ಕೈ, ನಿಂಗೇನಾದ್ರೂ ಗೊತ್ತಾದ್ರೆ ಬಂದು ಹೇಳು." ರುದ್ರಯ್ಯ ಬಗ್ಗಿ ನೋಡಿದ. ಟವೆಲು ಕೊಡವಿಕೊಂಡು ಎದ್ದು ಹೋದ. ಸದಾಶಿವಯ್ಯನವರು ತಿಮ್ಮರಾಜುವಿಗೆ ಬಾಕಿ ಸೇರಿಸಿ, ಉಳಿದ ಮೂವರಿಗೂ ಅದೇ ಎಂಟು ಐನೂರು, ಎರಡು ನೂರು ಎಣಿಸಿದರು. ನರಸಮ್ಮ ನೋಟನ್ನು ಕಣ್ಣಿಗೊತ್ತಿಕೊಂಡು ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿ, "ಮಾನಸಂಗೆ ಇವತ್ತೇ ಫೋನ್ ಮಾಡ್ಬೇಕು" ಎಂದಳು. ಗುರುಪ್ರಕಾಶ್ ಫೋಟೋ ಹೊಡೆಯುವುದನ್ನೇ ಮರೆತಿದ್ದ.

ಮುಗಿಯಿತೆಂದು ಉಳಿದ ನೋಟನ್ನು ಮಡಿಸುತ್ತಿದ್ದಾಗ ಇನ್ನೊಂದು ಕೈ ಬಂದು ಮುಂದೆ ನಿಂತಿತು. ಇದಕ್ಕೆ ಶರಟಿನ ತೋಳಿರಲಿಲ್ಲ. ಹಸಿರು ಗಾಜಿನ ಬಳೆ, ಉಗುರಲ್ಲಿ ರಾಗಿ ಹಿಟ್ಟು, ಮಣಿಕಟ್ಟಿನ ಮೇಲೆ ಮುದ್ದೆಯ ಪಾತ್ರೆ ಸುಟ್ಟ ಹಳೆಯ ಕಲೆ. ಆ ಕೈ ಯಾರದೆಂದು ಸದಾಶಿವಯ್ಯನವರಿಗೆ ಹೇಳಬೇಕಾಗಿರಲಿಲ್ಲ. ಅವರು ಕೆಮ್ಮಿದರು. ಮಡಿಸಿದ್ದನ್ನು ಬಿಚ್ಚಿ, ಎಂಟು ಐನೂರು, ಎರಡು ನೂರು ಎಣಿಸಿ ಇಟ್ಟರು.

ಕೈ ಹಿಂದಕ್ಕೆ ಹೋಗಲಿಲ್ಲ.

"ಏನೇ, ಕೊಟ್ನಲ್ಲ?"

"ಇದು ಈ ವಾರದ್ದು" ಎಂದರು ಬಸವಲಿಂಗಮ್ಮ. "ಇಪ್ಪತ್ತೆರಡು ವರ್ಷದಿಂದ ಒಂದೇ ಸಮ ಬೇಯಿಸ್ತಾ ಇದೀನಿ. ಹಿಂದಿನ ವಾರಗಳದ್ದು?"

ಮಾತ್ರೆಗೂ ಶಾಖಕ್ಕೂ ಜಗ್ಗದ ಕುತ್ತಿಗೆ ಟಕ್ಕನೆ ಶಬ್ದ ಮಾಡಿ ಮೇಲೆ ಬಂತು. ಎರಡು ದಿನದ ಮೇಲೆ ಸದಾಶಿವಯ್ಯನವರಿಗೆ ಹೆಂಡತಿಯ ಮುಖ ಕಂಡಿತು. ಅದು ನಗುತ್ತಿತ್ತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಅವರ ಕೈ ಮೆಲ್ಲಗೆ ಕನ್ನಡಕಕ್ಕೆ ಹೋಯಿತು. ತೆಗೆದು, ಪಂಚೆಯ ಅಂಚನ್ನು ಹುಡುಕುತ್ತ, "ಅದೆಲ್ಲ ಯಾಕೆ ಈಗ" ಎಂದರು.

ಬಸವಲಿಂಗಮ್ಮ ಕನ್ನಡಕವನ್ನು ಅವರ ಕೈಯಿಂದ ತೆಗೆದುಕೊಂಡರು. ತಮ್ಮ ಸೆರಗಿನಿಂದ ಎರಡು ಗಾಜನ್ನೂ ಚೆನ್ನಾಗಿ ಒರೆಸಿ ಅವರ ಮೂಗಿನ ಮೇಲೆ ಕೂರಿಸಿದರು.

"ಒರೆಸಿದ್ದಾಯ್ತು" ಎಂದರು. "ಈಗ ಹೇಳಿ."